ಸಣ್ಣ ಸಭೆಯ ಕಛೇರಿಗಳು ರೇಡಿಯೊದಲ್ಲಿ ನೇರವಾಗಿ ಬರಲಿ



ಲಂಡನ್ನಿನ ವಿಗ್ಮೋರ್ ಹಾಲ್ 1901ರಲ್ಲಿ ತೆರೆದ, ಸುಮಾರು 550 ಆಸನಗಳ ಪುಟ್ಟ ಸಭಾಂಗಣ. ನಾಲ್ಕೈದು ವಾದಕರು ಕೂತು ನುಡಿಸುವ ಚೇಂಬರ್ ಸಂಗೀತಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿನ ಮಧ್ಯಾಹ್ನದ ಕಛೇರಿಗಳನ್ನು ಬಿಬಿಸಿಯ ‘ರೇಡಿಯೊ 3’ ವಾಹಿನಿ ಹಲವು ವರ್ಷಗಳಿಂದ ಪ್ರಸಾರ ಮಾಡುತ್ತ ಬಂದಿದೆ. ಕೊರೊನಾ ಕಾಲದಲ್ಲಿ, 2020ರ ಜೂನ್ 1ರಂದು, ಸ್ಟೀಫನ್ ಹಫ್ ಅಲ್ಲಿ ಪಿಯಾನೊ ನುಡಿಸಿದಾಗ ಎದುರಿಗೆ ಪ್ರೇಕ್ಷಕರೇ ಇರಲಿಲ್ಲ. ಆದರೂ ಕಛೇರಿ ನಿಲ್ಲಲಿಲ್ಲ. ರೇಡಿಯೊ ಅದನ್ನು ಮನೆಮನೆಗೆ ನೇರವಾಗಿ ತಲುಪಿಸಿತು.

ರೇಡಿಯೊದಲ್ಲಿ ಕಛೇರಿ ಕೇಳುವುದು ನಮಗೂ ಹೊಸದಲ್ಲ. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಆಕಾಶವಾಣಿಯದೇ ಆದ ಬೆಂಗಳೂರಿನ ಅಮೃತವರ್ಷಿಣಿ ವಾಹಿನಿ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾಗಿ ಬೆಳೆಯಿತು. 2016ರಲ್ಲಿ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿಯೂ ಬಂತು.

ವೀಣೆಯಂಥ ಮೆಲುದನಿಯ ವಾದ್ಯಕ್ಕಂತೂ ರೇಡಿಯೊ ದೊಡ್ಡ ಆಸರೆ. ಮೀಟಿನ ನಂತರ ತಂತಿಯಲ್ಲಿ ಉಳಿಯುವ ನಾದ, ಅದರೊಳಗಿನ ಗಮಕದ ತಿರುವು ಪೆಂಡಾಲಿನ ಧ್ವನಿವರ್ಧಕಗಳ ಅಬ್ಬರದಲ್ಲಿ ಸಿಗುವುದು ಕಷ್ಟ. ಒಳ್ಳೆಯ ಮೈಕು, ನಿಶ್ಶಬ್ದ ಕೋಣೆ ಇದ್ದರೆ ಅದೇ ನಾದ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಹಳ್ಳಿಯಲ್ಲಿರುವ ಸಂಗೀತ ವಿದ್ಯಾರ್ಥಿಗೂ ಇದೊಂದು ಪಾಠ.

ಆದ್ದರಿಂದ ಆಕಾಶವಾಣಿಯು ಮೈಸೂರು, ಧಾರವಾಡ, ಬೆಂಗಳೂರಿನ ಚಿಕ್ಕ ಸಭೆಗಳಿಂದ ವಾರಕ್ಕೊಂದು ಕಛೇರಿಯನ್ನಾದರೂ ನೇರ ಪ್ರಸಾರ ಮಾಡಬೇಕೆಂದು ವಿನಂತಿ. ರಾಗ, ತಾಳ, ವಾಗ್ಗೇಯಕಾರರ ಜೊತೆಗೆ ಪಕ್ಕವಾದ್ಯದವರ ಹೆಸರನ್ನೂ ಕೊನೆಯಲ್ಲಿ ಮತ್ತೊಮ್ಮೆ ಹೇಳಲಿ. ಸಮಯ ಮೀರಿತೆಂದು ತಾಳವಾದ್ಯದವರ ತನಿ ಆವರ್ತನವನ್ನು ನಡುವೆ ಕತ್ತರಿಸದಿರಲಿ. ಕೆಲಸಕ್ಕೆ ಹೋಗುವವರಿಗಾಗಿ ಧ್ವನಿಮುದ್ರಿಕೆಯನ್ನು ಕೆಲವು ದಿನ ಮೊಬೈಲ್ ಆ್ಯಪ್‌ನಲ್ಲಿ ಉಳಿಸಲಿ.

– ಒಬ್ಬ ಕೇಳುಗ, ಮೈಸೂರು