ಹಸುವಿಗೆ ಸಿಕ್ಕ ಆರೈಕೆ ಬಾಣಂತಿಗೆ ಯಾಕಿಲ್ಲ?

ಹೋದ ವಾರ ನಮ್ಮೂರಿನ ಒಂದು ಮನೆಗೆ ಬಾಣಂತಿ ನೋಡಲು ಹೋಗಿದ್ದೆ. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಘಾಟು, ಅದರ ನಡುವೆ ಇನ್ನೊಂದು ವಾಸನೆ. ಕೀವಿನದ್ದು. ಎದೆಯಲ್ಲಿ ಹಾಲು ಕಟ್ಟಿ, ಬಾವು ಬಂದು, ಕೀವಾಗಿ, ಆಸ್ಪತ್ರೆಯಲ್ಲಿ ಕುಯ್ಸಿಕೊಂಡು ಬಂದು ಐದು ದಿನವಾಗಿತ್ತಂತೆ. ಹುಡುಗಿ ನಾಚುತ್ತ ಸೆರಗು ಸರಿಸಿದಳು. ಮೊದಲ ದಿನ ಕಟ್ಟಿದ ಬಟ್ಟೆಯೇ ಇತ್ತು! ಹಾಲು, ರಕ್ತ, ಕೀವು ಕೂಡಿ ಒಣಗಿ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಅಂಚಿನಲ್ಲಿ ಕಾಫಿ ಪುಡಿ. "ಅತ್ತೆ ಹಾಕಿದ್ರು, ಬೇಗ ಮಾಯುತ್ತಂತೆ" ಎಂದಳು.

ದಿನಾ ಡ್ರೆಸಿಂಗ್‌ಗೆ ಬನ್ನಿ ಎಂದು ಚೀಟಿಯಲ್ಲಿ ಬರೆದಿತ್ತು. ಯಾಕೆ ಹೋಗಲಿಲ್ಲ? ಗಂಡನಿಗೆ ಬಿಡುವಿಲ್ಲ, ಮಾವನಿಗೆ ಮುಜುಗರ, ಅತ್ತೆಗೆ ಬಾಣಂತಿಗೆ ಗಾಳಿ ಸೋಕೀತೆಂಬ ಭಯ. "ಕೀವು ಹೋಯ್ತಲ್ಲಕ್ಕಾ, ಇನ್ನೇನು?" ಎಂದ ಗಂಡ, ಮೊಬೈಲಿನಿಂದ ತಲೆ ಎತ್ತದೆ. ಇದೇ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರನ್ನು ಮನೆ ಬಾಗಿಲಿಗೇ ಕರೆಸಿದ್ದರು, ಮೂರು ದಿನ. ಹಸು ಡೇರಿಗೆ ಹಾಲು ಹಾಕುತ್ತದಲ್ಲ.

ಕೀವು ಹೋದರೆ ಮುಗಿಯಿತೇನ್ರೀ? ಹೋದ ಜಾಗದಲ್ಲಿ ಗುಂಡಿ ಉಳಿದಿರುತ್ತದೆ. ಅದು ತಳದಿಂದ ತುಂಬಿಕೊಂಡು ಮೇಲೆ ಬರಬೇಕು. ಅದಕ್ಕೇ ವೈದ್ಯರು ಹೊಲಿಗೆ ಹಾಕದೆ ಬಾಯಿ ತೆರೆದೇ ಬಿಡುವುದು, ಎಷ್ಟೋ ಸಲ ಒಳಗೆ ಗಾಜ್ ಬಟ್ಟೆಯ ಬತ್ತಿ ಇಡುವುದು. ಆ ಬತ್ತಿ ತೆಗೆಯದೆ ಹೋದರೆ, ಪುಡಿ ಮೆತ್ತಿ ಬಾಯಿ ಮುಚ್ಚಿಸಿದರೆ, ಒಳಗೆ ಮತ್ತೆ ಕೀವು, ಮತ್ತೆ ಕತ್ತರಿ. ಅರಿಶಿನವೋ ಕಾಫಿ ಪುಡಿಯೋ ಅಡುಗೆಮನೆಯಲ್ಲಿರಲಿ.

ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ನರ್ಸ್ ಸಲೈನ್ ಸುರಿದು ನೆನೆಸಿ ನೆನೆಸಿ ಬಟ್ಟೆ ಬಿಡಿಸುವಾಗ ಹುಡುಗಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಅಳಲಿಲ್ಲ. ಅಳಬಾರದೆಂದು ಯಾರು ಕಲಿಸಿದ್ದರೋ. ಬತ್ತಿ ಹೊರಬಂದಾಗ ಅದರ ಹಿಂದೆಯೇ ಒಂದು ಚಮಚದಷ್ಟು ಹೊಸ ಕೀವು ಬಂತು.

ಮನೆಯವರು ಎದೆಹಾಲನ್ನೂ ಬಿಡಿಸಿದ್ದರು. ಅದು ಇನ್ನೊಂದು ತಪ್ಪು. ಚೆನ್ನಾಗಿರುವ ಎದೆಯಲ್ಲಿ ಮಗುವಿಗೆ ಕುಡಿಸಬಹುದು, ಕುಯ್ದ ಎದೆಯ ಹಾಲನ್ನೂ ಕಟ್ಟಿಕೊಳ್ಳಲು ಬಿಡದೆ ತೆಗೆಯುತ್ತಿರಬೇಕು. ಹೇಗೆಂದು ಡ್ರೆಸಿಂಗ್ ಮಾಡುವವರನ್ನೇ ಕೇಳಿ. ಜ್ವರ ಬಂದರೆ, ಕೆಂಪು ಹರಡಿದರೆ, ಚರ್ಮ ಕಪ್ಪಾದರೆ ಅವತ್ತೇ ಓಡಿ. ಹೆರಿಗೆಯಾದ 42 ದಿನದವರೆಗೆ ಮಗು ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ತಾಯಿಯ ಗಾಯವನ್ನೂ ತೋರಿಸಿ, ಮುಚ್ಚಿಡಬೇಡಿ.

ಇಷ್ಟಕ್ಕೆ ದೊಡ್ಡ ದುಡ್ಡು ಬೇಡ, ಜೊತೆಗೊಬ್ಬರು ಬೇಕು. ಅತ್ತೆಯಂದಿರೇ, ನೀವೂ ಒಂದು ಕಾಲಕ್ಕೆ ಬಾಣಂತಿಯರೇ ಆಗಿದ್ದಿರಿ. ಗಂಡಂದಿರೇ, ನಾಚಿಕೆ ಪಡಬೇಕಾದದ್ದು ಹೆಂಡತಿಯ ಎದೆಯ ಗಾಯಕ್ಕಲ್ಲ. ನಾಳೆ ಒಂಬತ್ತಕ್ಕೆ ಆಸ್ಪತ್ರೆ ಬಾಗಿಲು ತೆರೆಯುತ್ತದೆ. ಬೈಕಿನ ಕೀಲಿ ಎಲ್ಲಿಟ್ಟಿದ್ದೀರಿ?