ತಿಗರಿಯ ತೂಕ

ಕುಂಬಾರನು ತಿಗರಿಯನ್ನು ಕೋಲಿನಿಂದ ರಭಸವಾಗಿ ತಿರುಗಿಸಿ, ಕೋಲನ್ನು ಬದಿಗಿಟ್ಟು, ಮಣ್ಣಿಗೆ ಕೈಯಿಡುತ್ತಾನೆ. ಮಡಕೆ ರೂಪುಗೊಳ್ಳುವವರೆಗೆ ತಿಗರಿ ತಾನಾಗಿಯೇ ಸುತ್ತುತ್ತದೆ. ಆ ಉಪಕಾರವೆಲ್ಲ ಅದರ ತೂಕದ್ದು. ಹಗುರವಾದ ತಿಗರಿಯನ್ನು ತಿರುಗಿಸುವುದು ಸುಲಭ. ಆದರೆ ಮಡಕೆಗೆ ಕತ್ತು ಮೂಡುವ ಮೊದಲೇ ಅದು ನಿಂತುಬಿಡುತ್ತದೆ.

ಮೋಟಾರು ಕಾರಿನ ಎಂಜಿನ್ನಿನ ಹಿಂಬದಿಯಲ್ಲಿರುವ ಫ್ಲೈವೀಲ್ ಸಹ ಇಂಥದೇ ಒಂದು ತಿಗರಿ. ಸಿಲಿಂಡರುಗಳಲ್ಲಿ ಬಿಟ್ಟು ಬಿಟ್ಟು ಹುಟ್ಟುವ ಬಲವನ್ನು ಕೂಡಿಟ್ಟು ಸಮನಾಗಿ ಹಂಚುವುದು ಅದರ ಕಾಯಕ. ಕ್ಲಚ್ಚಿನ ತಟ್ಟೆ ಅದರ ಮುಖಕ್ಕೆ ಒತ್ತಿಕೊಂಡಾಗಲೇ ಆ ಬಲ ಗಾಲಿಗಳತ್ತ ಹರಿಯುತ್ತದೆ.

ಕಾಫಿಯ ಸೀಮೆಯ ಮಣ್ಣುದಾರಿಗಳು ಮೋಟಾರು ರ್ಯಾಲಿಗೆ ಹೇಳಿ ಮಾಡಿಸಿದಂಥವು. 2016ರಲ್ಲಿ ಚಿಕ್ಕಮಗಳೂರಿನಲ್ಲಿ ನಡೆದ ಏಷ್ಯಾ-ಪೆಸಿಫಿಕ್ ರ್ಯಾಲಿಯನ್ನು ಗೌರವ್ ಗಿಲ್ ಗೆದ್ದರು. ಇಂಥ ಗೆಲುವಿನ ಕಥೆಗಳನ್ನು ಕೇಳುತ್ತ ಬೆಳೆದ ತಿತಿಮತಿಯ ತರುಣನೊಬ್ಬನಿಗೆ ತಾನೂ ಒಮ್ಮೆ ಸ್ಪರ್ಧಿಸಬೇಕೆಂಬ ಹಂಬಲ ಹುಟ್ಟುವುದು ಸಹಜವೇ. ಅವನು ಕಾಫಿಯ ಹಣದಲ್ಲಿ ಉಳಿಸಿ ಎಂಜಿನ್ನನ್ನು ಬಲಪಡಿಸಿದ. ಸೆರಾಮಿಕ್ ಬಿಲ್ಲೆಗಳ ಬಿಗಿ ಕ್ಲಚ್ಚೊಂದನ್ನೂ, ಅತ್ಯಂತ ಹಗುರವಾದ ಅಲ್ಯೂಮಿನಿಯಂ ಫ್ಲೈವೀಲನ್ನೂ ಹಾಕಿಸಲು ಮೇಸ್ತ್ರಿಯ ಬಳಿ ಬಂದ.

“ಎಂಟು ಕಿಲೋದ್ದನ್ನು ತೆಗೆದು ನಾಲ್ಕು ಕಿಲೋದ್ದನ್ನು ಹಾಕೋಣ, ಮೇಸ್ತ್ರಿಗಳೇ.”

ಅವನ ಲೆಕ್ಕ ತಪ್ಪಲ್ಲ. ಕೇಂದ್ರದಿಂದ 11 ಸೆಂಟಿಮೀಟರು ದೂರದಲ್ಲಿ 4 ಕಿಲೋ ಕಳೆದರೆ, ಎಂಜಿನ್ನಿನ 14 ಸುತ್ತಿಗೆ ಗಾಲಿ ಒಮ್ಮೆ ಸುತ್ತುವ ಮೊದಲನೆಯ ಗೇರಿನಲ್ಲಿ, ಸಣ್ಣ ಕಾರು 110 ಕಿಲೋ ಹಗುರವಾದಂತೆ ಚಿಮ್ಮುತ್ತದೆ. ಆದರೆ ಕೊನೆಯ ಗೇರಿನಲ್ಲಿ ಅದೇ ಲಾಭ 6 ಕಿಲೋಗೆ ಇಳಿಯುತ್ತದೆ. ತಿರುವಿನಿಂದ ತಿರುವಿಗೆ ಹಾರುವ ಸ್ಪರ್ಧಿಗೆ ಇದು ವರ. ಹೆದ್ದಾರಿಯಲ್ಲಿ ಹೋಗುವವನಿಗೆ ಇದರಿಂದ ಬಹಳ ಪ್ರಯೋಜನವಿಲ್ಲ.

ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ ಕೇಳಿದ: “ಈ ಕಾರನ್ನು ನಿಮ್ಮ ಅವ್ವನವರೂ ನಡೆಸುತ್ತಾರಲ್ಲವೇ?”

ತರುಣ ಸುಮ್ಮನಾದ. ತಿಂಗಳಿಗೊಮ್ಮೆ ಅಪ್ಪನನ್ನು ಚಿಕಿತ್ಸೆಗಾಗಿ ಮೈಸೂರಿಗೆ ಕರೆದೊಯ್ಯುವವರು ಅವ್ವನೇ. ತಿತಿಮತಿಯನ್ನು ದಾಟಿದರೆ ಆನೆಚೌಕೂರಿನ ಕಾಡು. ದಾರಿಗೆ ಆನೆಗಳ ಹಿಂಡು ಬಂದರೆ ನಿಲ್ಲಬೇಕು. ಅವು ಸರಿದ ಮೇಲೆ ಮೆಲ್ಲಗೆ ಹೊರಡಬೇಕು. ಕೆಲವೊಮ್ಮೆ ಹಿಂದಕ್ಕೂ ಸರಿಯಬೇಕು. ಕೂಡಿಟ್ಟ ಬಲವೇ ಇಲ್ಲದ ಹಗುರ ಚಕ್ರಕ್ಕೆ, ತಟಕ್ಕನೆ ಕಚ್ಚುವ ಕ್ಲಚ್ಚು ಜೊತೆಯಾದರೆ, ಕಾಲು ಕೊಂಚ ತಪ್ಪಿದರೂ ಎಂಜಿನ್ ನಿಂತುಹೋಗುತ್ತದೆ. ನಿಲ್ಲದಿರಲೆಂದು ವೇಗ ಹೆಚ್ಚಿಸಿ ಕ್ಲಚ್ಚನ್ನು ಜಾರಿಸಿದರೆ ಶಾಖವೇಳುತ್ತದೆ. ಒಂದೇ ಲೋಹದ ಚಕ್ರಗಳಾದರೆ, ತೂಕ ಅರ್ಧವಾದಾಗ ಅಷ್ಟೇ ಶಾಖಕ್ಕೆ ಚಕ್ರದ ಬಿಸಿ ಎರಡರಷ್ಟು ಏರುತ್ತದೆ.

“ಹಾಗಾದರೆ ಹಳೆಯದನ್ನೇ ಕಡೆಸಿ ಹಗುರ ಮಾಡೋಣವೇ?”

“ಬೇಡಿ ಸ್ವಾಮಿ. ಬೀಡುಕಬ್ಬಿಣವನ್ನು ಮಿತಿಮೀರಿ ಕಡೆದರೆ ಓಟದ ಭರದಲ್ಲಿ ಸಿಡಿದೀತು. ಸಿಡಿದ ಚೂರು ಕಾರಿನೊಳಗಿನವರ ಕಾಲನ್ನೇ ಹುಡುಕಿಕೊಂಡು ಬರುತ್ತದೆ.”

ಕೊನೆಗೆ ಇಬ್ಬರೂ ಕುಳಿತು ಒಂದು ತೀರ್ಮಾನಕ್ಕೆ ಬಂದರು. ಗಟ್ಟಿ ಉಕ್ಕಿನಿಂದ ಕಡೆದ 6 ಕಿಲೋ ಚಕ್ರ. ಅದರ ಜೊತೆಗೆ, ನಡುವೆ ಸ್ಪ್ರಿಂಗುಗಳುಳ್ಳ, ಮೃದುವಾಗಿ ಹಿಡಿಯುವ ಸಾಧಾರಣ ಲೇಪದ ತಟ್ಟೆ. ಬಲ ಹೆಚ್ಚಿದ ಎಂಜಿನ್ನಿಗೆ ಸಾಲುವಂತೆ ಬಿಗಿಯಾದ ಒತ್ತುಫಲಕ. ಕೊಳ್ಳುವ ಮುನ್ನ ತಟ್ಟೆಯ ವ್ಯಾಸ, ಬೋಲ್ಟಿನ ರಂಧ್ರಗಳು, ಸ್ಟಾರ್ಟರು ಕಚ್ಚುವ ಹಲ್ಲುಗಳು, ಮುಖದ ಎತ್ತರ — ಎಲ್ಲವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಚಕ್ರವನ್ನೂ ಒತ್ತುಫಲಕವನ್ನೂ ಕೂಡಿಸಿಯೇ ತೂಕದ ಸಮತೋಲ ಮಾಡಿಸಬೇಕು. ಬಿಡಿಬಿಡಿಯಾಗಿ ಸರಿಯಿದ್ದವು ಕೂಡಿದಾಗ ನಡುಗುವುದುಂಟು.

ಮೊದಲನೆಯ ಗೇರಿನಲ್ಲಿ ಸಿಗಬಹುದಾಗಿದ್ದ ಲಾಭದಲ್ಲಿ ಅರ್ಧದಷ್ಟು ತರುಣನಿಗೆ ದಕ್ಕಿತು. ಉಳಿದರ್ಧವನ್ನು ಅವನು ಬಿಟ್ಟುಕೊಟ್ಟ.

ಮುಂದಿನ ತಿಂಗಳು ಅವ್ವ ಕಾರು ಹೊರಡಿಸಿದಾಗ, “ಕ್ಲಚ್ಚು ಸ್ವಲ್ಪ ಬಿಗಿಯಾಗಿದೆಯಲ್ಲ, ಮಗೂ” ಎಂದರು. ಅಷ್ಟೇ. ಪಕ್ಕದಲ್ಲಿದ್ದ ಅಪ್ಪನಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಆನೆಚೌಕೂರಿನ ಬಳಿ ಕಾರು ನಿಂತಿತು. ಆನೆಗಳು ನಿಧಾನವಾಗಿ ದಾಟಿದವು. ಕಾರು ಕುಲುಕದೆ ಮುಂದೆ ಸಾಗಿತು.