ಯಾರೂ ಹೇಳದೆ ಓಡಿದ್ದು

ಹೋದ ವಾರ ಸಭೆ ಮುಗಿಸಿ ಟೀ ಅಂಗಡಿ ಮುಂದೆ ನಿಂತಿದ್ದಾಗ ಸಂಘಟನೆಯ ಹಿರಿಯರೊಬ್ಬರು ಎಲ್ಲರೆದುರೇ ಕೇಳಿಬಿಟ್ಟರು: "ಏನಪ್ಪಾ, ದುಡ್ಡು ಕಟ್ಟಿ ಮ್ಯಾರಥಾನ್ ಓಡ್ತಿದ್ದೀಯಂತೆ? ನಮ್ಮೋರು ಓಡಿದ್ದು ಸಾಲ್ದಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮನೆವರೆಗೂ ಹಿಂದೇನೇ ಬಂತು. ಅಲ್ಲಿ ಹೇಳೋಕಾಗದ ಉತ್ತರ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಅಣ್ಣನ ಮಾತಲ್ಲಿ ನಿಜ ಇದೆ. ನಮ್ಮೋರು ಓಡಿದ್ದಾರೆ. ನಮ್ಮ ತಾತ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತೋಟಿ. ಊರ ದೊಡ್ಡೋರ ಮನೆಯಲ್ಲಿ ಸಾವಾದರೆ ಸರಿರಾತ್ರಿಯಲ್ಲಾದರೂ ಎಬ್ಬಿಸಿ ಕಳಿಸೋರು. ಹೆಣ ಎತ್ತೋದರೊಳಗೆ ನೆಂಟರು ಬಂದು ಸೇರೋ ಹಾಗೆ ಊರೂರಿಗೆ ಸುದ್ದಿ ಮುಟ್ಟಿಸಬೇಕು. ಹತ್ತು ಹನ್ನೆರಡು ಮೈಲಿ, ಬರಿಗಾಲು. ಹೋದ ಊರಲ್ಲೂ ಬಾಗಿಲಾಚೆ ನಿಂತು ಕೂಗಿ ಹೇಳೋದು, ನೀರು ಕೊಟ್ಟರೆ ಬೊಗಸೆಗೆ. ಮ್ಯಾರಥಾನ್ ಅನ್ನೋ ಹೆಸರು ಬಂದಿದ್ದೂ ಇಂಥ ಒಬ್ಬ ಸುದ್ದಿಗಾರನ ಕಥೆಯಿಂದಲೇ. ಮ್ಯಾರಥಾನ್ ಬಯಲಲ್ಲಿ ಯುದ್ಧ ಗೆದ್ದ ಸುದ್ದಿಯನ್ನು ಅಥೆನ್ಸಿಗೆ ಓಡಿ ಮುಟ್ಟಿಸಿ ಅಲ್ಲೇ ಪ್ರಾಣ ಬಿಟ್ಟ ಅಂತಾರೆ. ಕಥೆಯೋ ನಿಜವೋ, ಅವನ ನೆನಪಿಗೆ ಲೋಕವೆಲ್ಲ 42.195 ಕಿ.ಮೀ. ಓಡುತ್ತೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ತೋಟಿಕೆ ಕಾಗದದಲ್ಲಿ ಹೋಯಿತು. ಸಾವು ಹೇಳೋ ಚಾಕರಿ ನಮ್ಮಪ್ಪನ ಪ್ರಾಯದ ತನಕ ಹೋಗಲಿಲ್ಲ.

ಹಾಗಾದರೆ ನಾನ್ಯಾಕೆ ಓಡಕ್ಕೆ ಶುರು ಮಾಡಿದೆ? ದೊಡ್ಡ ಸ್ಫೂರ್ತಿ ಏನೂ ಇಲ್ಲ. 41ನೇ ವಯಸ್ಸಲ್ಲಿ ಖಾಲಿ ಹೊಟ್ಟೆಯ ಶುಗರ್ 164 ಬಂತು. ಆಫೀಸಲ್ಲಿ ನಾನು ಎಫ್‌ಡಿಎ, ಕೂತಿದ್ದೇ ಕೆಲಸ. ಸಂಜೆ ಸಭೆ, ಬೋಂಡ, ನಾಲ್ಕು ಟೀ, ರಾತ್ರಿ ಬಸ್ಸು. ಅದೇ ಹೊತ್ತಿಗೆ ಮೂರು ವರ್ಷದಲ್ಲಿ ಇಬ್ಬರು ಸಂಗಾತಿಗಳನ್ನು ಕಳಕೊಂಡಿದ್ವಿ. ಒಬ್ಬನಿಗೆ 46, ಹಾರ್ಟು. ಇನ್ನೊಬ್ಬರಿಗೆ 51, ಶುಗರ್‌ನಿಂದ ಕಿಡ್ನಿ ಹೋಗಿತ್ತು. ಎರಡೂ ನುಡಿನಮನದಲ್ಲಿ ನಾವೆಲ್ಲ "ಚಳವಳಿಗಾಗಿ ದೇಹ ಸವೆಸಿದರು" ಅಂತ ಭಾಷಣ ಮಾಡಿದ್ವಿ. ಆಚೆ ಬಂದು ಬೀಡಿ ಹಚ್ಚಿದ್ವಿ. ಬಾಬಾಸಾಹೇಬರನ್ನೂ ಸಕ್ಕರೆ ಕಾಯಿಲೆ ಕಾಡಿತ್ತು, 1956ರ ಡಿಸೆಂಬರ್ 6ಕ್ಕೆ ಅವರಿಗಿನ್ನೂ 65. ಇನ್ನೊಂದು ಹತ್ತು ವರ್ಷ ಅವರು ಇದ್ದಿದ್ದರೆ ಅಂತ ಹಲುಬದ ದಲಿತ ಯಾರಿದ್ದಾರೆ? ಆದರೆ ನಮ್ಮ ಪಕ್ಕದಲ್ಲಿ ಕೂತ ಕಾರ್ಯಕರ್ತನ ಬಿಪಿ ಎಷ್ಟು ಅಂತ ನಾವು ಕೇಳಲ್ಲ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಶುರು ಮಾಡಿದೆ. ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಮೊದಲ ತಿಂಗಳು ಮೊಣಕಾಲು ಬೈಕೊಂಡೇ ಬಂತು. ಆಮೇಲೆ ತಿಳೀತು, ನಿಧಾನಕ್ಕೆ ಓಡೋದೇ ದೂರ ಓಡೋ ಗುಟ್ಟು. ಪಕ್ಕದವರ ಜತೆ ಮಾತಾಡ್ತಾ ಓಡೋಕೆ ಆಗಬೇಕು, ಆಗದಿದ್ದರೆ ಜೋರಾಯಿತು ಅಂತ ಅರ್ಥ. ವಾರಕ್ಕೊಂದು ಉದ್ದ ಓಟ, ಆ ಉದ್ದವೂ ಸ್ವಲ್ಪಸ್ವಲ್ಪವೇ ಬೆಳೀಬೇಕು. ಒಂದೂವರೆ ವರ್ಷಕ್ಕೆ ಹಾಫ್ ಮ್ಯಾರಥಾನ್ ಮುಗಿಸಿದೆ, 2 ಗಂಟೆ 38 ನಿಮಿಷ. ಶುಗರ್ ಹತೋಟಿಗೆ ಬಂತು, ಮಾತ್ರೆ ನಿಂತಿಲ್ಲ.

ಓಟದ ಲೋಕದಲ್ಲಿ ನನಗೆ ಆಗಿಬರದೇ ಇರೋದು ಒಂದಿದೆ. ಪ್ರತಿ ರೇಸಿಗೂ ಮುಂಚೆ ಯಾರೋ ಒಬ್ಬರು ಮೈಕ್ ಹಿಡಿದು "ಮನಸ್ಸಿದ್ದರೆ ಸಾಕು, ಮಿಕ್ಕಿದ್ದೆಲ್ಲ ನೆಪ" ಅಂತಾರೆ. ಮನಸ್ಸು ಸಾಕಾಗಲ್ಲ ಸ್ವಾಮಿ. ಬೂಟು ನಾಲ್ಕು ಸಾವಿರ. ಎಂಟು ಗಂಟೆ ನಿದ್ದೆ. ದಿನಕ್ಕೆರಡು ಮೊಟ್ಟೆ. ಎಲ್ಲಕ್ಕಿಂತ ಮುಖ್ಯ, ಬೆಳಗ್ಗೆ ನಿನ್ನದೇ ಅನ್ನೋ ಒಂದು ಗಂಟೆ. ನನ್ನ ಆ ಒಂದು ಗಂಟೆ ಎಲ್ಲಿಂದ ಬಂತು ಅಂತ ನನಗೂ ತಡವಾಗಿ ಹೊಳೀತು. ಐದಕ್ಕೆ ನಲ್ಲಿ ನೀರು ಹಿಡಿದು ಮಕ್ಕಳ ಡಬ್ಬಿ ಕಟ್ಟೋದು ನನ್ನ ಹೆಂಡತಿ. ಈಗ ಮಂಗಳವಾರ, ಶುಕ್ರವಾರ ನೀರು, ಡಬ್ಬಿ ನಂದು, ಕೆರೆ ಅವಳದು. ವಾರಕ್ಕೆರಡೇ ದಿನ, ನ್ಯಾಯ ಅಂತ ಹೇಳ್ಕೊಳ್ಳಲ್ಲ.

ಒಂದು ಓಟದ ಗುಂಪು ಸೇರಿದ್ದೆ. ಭಾನುವಾರ ಓಡಿ ಎಲ್ಲ ಹೋಟೆಲಲ್ಲಿ ತಿಂಡಿಗೆ ಕೂರ್ತಿದ್ವಿ. ಒಂದಿನ ಪ್ರೋಟೀನ್ ಬಗ್ಗೆ ಮಾತು ಬಂತು. ಡಬ್ಬಿಯಲ್ಲಿ ಬರೋ ಪುಡಿ ಯಾವುದು ಒಳ್ಳೇದು ಅಂತ ಚರ್ಚೆ. "ನಮಗೆ ದನದ ಮಾಂಸವೇ ಕಡಿಮೆ ದುಡ್ಡಿನ ಪ್ರೋಟೀನು, 2021ರ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲೆ ಅದೂ ಕಷ್ಟ ಆಗಿದೆ" ಅಂದೆ. ಇಡ್ಲಿ ತಿನ್ನೋ ಸದ್ದೂ ನಿಂತುಹೋಯಿತು. ಯಾರೂ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಎಲ್ಲಿ ಸೇರೋದು ಅಂತ ಮಾತ್ರ ನನಗೆ ಹೇಳಲಿಲ್ಲ. ಅವತ್ತಿಂದ ಒಬ್ಬನೇ ಓಡ್ತೀನಿ.

ಹೋದ ವರ್ಷ ಬೆಂಗಳೂರಲ್ಲಿ ಮೊದಲ ಫುಲ್ ಮ್ಯಾರಥಾನ್. 30 ಕಿ.ಮೀ. ತನಕ ರಾಜನ ಹಾಗೆ ಹೋದೆ. ದೇಹದಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗೋದು ಸುಮಾರು ಅಲ್ಲಿಂದಾಚೆಗೇ. 34ನೇ ಕಿಲೋಮೀಟರಲ್ಲಿ ಎರಡೂ ತೊಡೆ ಹಿಡಕೊಂಡು ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಅಲ್ಲಿ ಒಬ್ಬ ಪೌರಕಾರ್ಮಿಕ ಅಕ್ಕ, ಓಡೋರು ಬಿಸಾಕಿದ ನೀರಿನ ಲೋಟಗಳನ್ನ ಗುಡಿಸ್ತಿದ್ರು. ಪೊರಕೆ ಗೋಡೆಗೆ ಒರಗಿಸಿ ಬಂದರು.

"ಯಾಕಣ್ಣ ಹಿಂಗೆ ಓಡ್ತೀಯ? ಯಾರು ಓಡು ಅಂದ್ರು?"

"ಯಾರೂ ಅನ್ನಲಿಲ್ಲಕ್ಕ."

"ಎಷ್ಟು ಕೊಡ್ತಾರೆ?"

"ನಾವೇ ಎರಡು ಸಾವಿರ ಕಟ್ಟಬೇಕು."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನಗ್ತಾನೇ ತಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟರು. ಅದನ್ನ ತಿಂತಾ ತಾತ ನೆನಪಾದರು. ಅವರು ಹೇಳಿಸಿಕೊಳ್ಳದೆ ಓಡಿದ ಒಂದು ದಿನವಾದರೂ ಇತ್ತಾ? ನಾನು ಓಡ್ತಿದ್ದದ್ದು ಯಾರ ಸಾವು ಹೇಳೋಕೂ ಅಲ್ಲ, ಯಾರ ಚಾಕರಿಗೂ ಅಲ್ಲ. ನಮ್ಮ ವಂಶದಲ್ಲಿ ಹಾಗೆ ಓಡಿದ ಮೊದಲನೆಯವನು ನಾನೇ ಇರಬೇಕು. ಶೋಕಿ ಅಂದರೆ ಅನ್ನಿ ಅಣ್ಣ, ಆ ಶೋಕಿ ನನಗೆ ಬೇಕು. ಆದರೆ ನನ್ನ ಶೋಕಿಯ ಕಸ ಬಳೀತಿದ್ದದ್ದೂ ನಮ್ಮಕ್ಕನೇ, ಅದನ್ನ ಎಲ್ಲಿ ಇಡಲಿ ಅಂತ ಇನ್ನೂ ಗೊತ್ತಾಗಿಲ್ಲ. ಉಳಿದ 8 ಕಿಲೋಮೀಟರ್ ನಡೆದು, ಕುಂಟಿ 5 ಗಂಟೆ 41 ನಿಮಿಷಕ್ಕೆ ಮುಗಿಸಿದೆ. ಲೋಟ ಮಾತ್ರ ಎಲ್ಲೂ ಬಿಸಾಕಲಿಲ್ಲ.

ಅಬೆಬೆ ಬಿಕಿಲನ ಕಥೆ ನಮ್ಮ ಗೆಳೆಯರು ಆಗಾಗ ಹಂಚ್ತಾರೆ. 1960ರ ರೋಮ್ ಒಲಿಂಪಿಕ್ಸಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ ಇಥಿಯೋಪಿಯಾದ ಸೈನಿಕ. ಮುಸೊಲಿನಿ ಇಥಿಯೋಪಿಯಾದಿಂದ ಹೊತ್ತು ತರಿಸಿ ರೋಮಿನಲ್ಲಿ ನಿಲ್ಲಿಸಿದ್ದ ಅಕ್ಸುಮ್ ಕಂಬದ ಹತ್ತಿರವೇ ಜತೆಗಾರನನ್ನು ಹಿಂದೆ ಹಾಕಿದ. ಓದಿದಾಗೆಲ್ಲ ಮೈ ಜುಮ್ ಅನ್ನುತ್ತೆ. ಆದರೆ ಅದೇ ಬಿಕಿಲ 1964ರಲ್ಲಿ ಟೋಕಿಯೊದಲ್ಲಿ ಬೂಟು ಹಾಕಿ ಓಡಿದ, ಮತ್ತೆ ಚಿನ್ನ ಗೆದ್ದ, ಸಮಯ ಮೂರು ನಿಮಿಷ ಕಡಿಮೆ. ಈ ಎರಡನೇ ಅರ್ಧ ಯಾರೂ ಹಂಚಲ್ಲ. ನಮ್ಮ ಹುಡುಗರ ಬರಿಗಾಲನ್ನು ಕೊಂಡಾಡೋದು ಸುಲಭ, ಬೂಟು ಕೊಡಿಸೋದು ಕಷ್ಟ.

ಅದಕ್ಕೇ ಈಗ ಕೆಲಸದ ಮಾತಿಗೆ ಬರ್ತೀನಿ. ನಮ್ಮ ಹತ್ತಿರದ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ಲಿನ ಒಂಬತ್ತು ಹುಡುಗರು ಎರಡು ತಿಂಗಳಿಂದ ಭಾನುವಾರ ನನ್ನ ಜತೆ ಕೆರೆಗೆ ಬರ್ತಿದ್ದಾರೆ. ಅದರಲ್ಲಿ ಒಬ್ಬ ನನ್ನನ್ನ ಎರಡು ಸಲ ಸುತ್ತುಹಾಕಿ ಹೋಗ್ತಾನೆ, ಹವಾಯಿ ಚಪ್ಪಲಿ ಕೈಯಲ್ಲಿ ಹಿಡಕೊಂಡು. ನಿಮ್ಮ ಮನೆಯಲ್ಲಿ ಹಾಕದೇ ಇಟ್ಟಿರೋ, ಅಟ್ಟೆ ಸವೆಯದ ಓಟದ ಬೂಟು ಇದ್ದರೆ ಕೊಡಿ, 6ರಿಂದ 9ನೇ ನಂಬರಿನವು. ಅವನದು 8. ಬೆಳಗ್ಗೆ ಐದೂವರೆಗೆ ಕೆರೆ ಗೇಟ್ ಹತ್ತಿರ ಇರ್ತೀವಿ. ಟೀ ಅಂಗಡಿ ಮುಂದೆ ಕೇಳಿದ ಅಣ್ಣನೂ ಬರಲಿ, ನಡೆದರೂ ಆಯಿತು. ಬಿಪಿ ಮಾತ್ರೆ ತಗೊಂಡು ಬರಲಿ.

ಜೈ ಭೀಮ್.